ಇನಾಸ್ ಕುಡಿದಿರಲಿಲ್ಲ

ಮಡಗಾಂವ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಂಡ ಇನಾಸ್‌ನನ್ನು ಮಲಗಿಸುತ್ತಿದ್ದರೆ ಎಸ್ಪೆರಾನ್ಸಾಳಿಗೆ ಅವನ ಮುಖ ನೋಡಲೂ ಮನಸ್ಸಿರಲಿಲ್ಲ. ಅವಳ ತಂಗಿಯ ಮಗಳ ಮದುವೆ. ಇಗರ್ಜಿ ಬಾಗಿಲಲ್ಲಿ ಮದುಮಗಳು ಕಾರಿನಿಂದ ಇಳಿದಾಗ ಟ್ರಂಪೆಟ್ ಹಿಡಿದು ನಿಂತಿದ್ದ ಇನಾಸ್, ಸಾವಿನ ಮೆರವಣಿಗೆಯ ರಾಗ ಊದಿಬಿಟ್ಟಿದ್ದ! ಪಾದ್ರಿಗಳು ತಡೆಯಹೋದರೆ ಅವರ ಮೇಲೇ ರೇಗಿ, ತೊದಲುತ್ತಾ ಮೆಟ್ಟಿಲ ಮೇಲೆ ಕುಸಿದಿದ್ದ.

"ಮತ್ತೆ ಶುರು ಹಚ್ಕೊಂಡ," ಎಂದು ಯಾರೋ ನಕ್ಕದ್ದು ಅವಳ ಕಿವಿಗೆ ಬಿದ್ದಿತ್ತು. ಕುಡಿತ ಬಿಡುತ್ತೇನೆಂದು ಅವನು ಇಗರ್ಜಿಯಲ್ಲಿ ಮಾತೆಯ ಮೂರ್ತಿಯ ಮುಂದೆ ಆಣೆಯಿಟ್ಟು ವರ್ಷವಾಗಿತ್ತು. ಅವಳು ನಂಬಿದ್ದಳು.

"ಡಾಕ್ಟರೇ, ಇವನಿಗೆ ಔಷಧಿ ಬೇಡ. ಒಂದು ಬಕೆಟ್ ತಣ್ಣೀರು ಸುರೀರಿ, ಸಾಕು."

ಡಾಕ್ಟರ್ ಗಾಂವ್ಕರ್ ಅವನ ಬೆವೆತ ಹಣೆ ಮುಟ್ಟಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದಳು. "ಸಕ್ಕರೆ ಕಾಯಿಲೆ ಇದೆಯಾ?"

"ಇದೆ. ಬೆಳಗ್ಗೆ ಇನ್ಸುಲಿನ್ ಚುಚ್ಕೊಂಡ."

"ತಿಂದದ್ದೇನು?"

ಎಸ್ಪೆರಾನ್ಸಾ ಬೆಳಗ್ಗೆ ನಡೆದದ್ದನ್ನು ನೆನೆದಳು. ಅವಳು ಮದುಮಗಳ ಬಿಳಿ ಗೌನು, ಹೂವು ಅಂತ ಓಡಾಡುತ್ತಿದ್ದಳು. ಅವನು ಹೊಸ ಕೋಟು ತೊಟ್ಟು ಕನ್ನಡಿ ಮುಂದೆಯೇ ಇದ್ದ. ತಟ್ಟೆಯಲ್ಲಿಟ್ಟ ಪಾವ್ ಹಾಗೇ ಒಣಗಿತ್ತು.

"ಅಮ್ಮಾ, ಇವರು ಕುಡಿದಿಲ್ಲ. ಸಕ್ಕರೆ ತೀರಾ ಇಳಿದುಹೋಗಿದೆ. ಅದಕ್ಕೇ ತಲೆ ಗೊಂದಲವಾಗಿ ಈ ತೊದಲು, ಈ ರೇಗಾಟ."

"ಕುಡಿದಿಲ್ವಾ?"

"ಹೆಂಡದ ವಾಸನೆ ಒಂಚೂರೂ ಇಲ್ಲ."

ತೋಳಿನ ನರಕ್ಕೆ ಗ್ಲೂಕೋಸ್ ಇಳಿಯಿತು. ನೋಡನೋಡುತ್ತಿದ್ದಂತೆ ಇನಾಸ್ ಕಣ್ಣು ಬಿಟ್ಟ. "ಎಸ್ಪಿ, ಮದುಮಗಳು ಬಂದ್ಲಾ?"

"ಬಂದ್ಲು ಕಣೋ, ಹೆಣದ ಹಿಂದೆ ಬರೋ ಹಾಗೆ ಬಂದ್ಲು!" ಎಂದು ಅವಳು ನಗುತ್ತಾ ಅಳುತ್ತಾ ಅವನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ಪಕ್ಕದ ಹಾಸಿಗೆಯ ಮುದುಕ ನಾಚಿ ಗೋಡೆಯತ್ತ ತಿರುಗಿಕೊಂಡ.

"ನನ್ನ ಗಂಡ ಕುಡಿದಿಲ್ಲ! ಉಪವಾಸ ಇದ್ದ, ಅಷ್ಟೇ!" ಎಂದು ದಾದಿಯರಿಗೆಲ್ಲ ಕೂಗಿ ಹೇಳಿದಳು. ಇನಾಸ್‌ಗೆ ಅನ್ನ, ಸಾರು ತರಿಸಿ, ಪ್ರತಿ ತುತ್ತನ್ನೂ ತಾನೇ ಕಾವಲು ಕೂತು ತಿನ್ನಿಸಿದಳು. ಸಂಜೆಯವರೆಗೆ ಇರಿಸಿಕೊಂಡು, ಮತ್ತೆ ಮತ್ತೆ ರಕ್ತ ನೋಡಿದ ಮೇಲೆಯೇ ಡಾಕ್ಟರ್ ಕಳಿಸಿದ್ದು. "ಇನ್ಮೇಲೆ ತಟ್ಟೆ ಮುಂದೆ ಬಂದ ಮೇಲೇ ಇನ್ಸುಲಿನ್," ಎಂದು ಗದರಿಸಿಯೇ ಬಿಟ್ಟಳು.

ಔತಣದ ಮಂಟಪಕ್ಕೆ ಬಂದಾಗ ಬ್ಯಾಂಡು ನುಡಿಯುತ್ತಿತ್ತು. ಎಸ್ಪೆರಾನ್ಸಾ ನೇರ ವೇದಿಕೆ ಹತ್ತಿ ಮೈಕು ಕಸಿದುಕೊಂಡಳು. ನಡೆದದ್ದನ್ನೆಲ್ಲ ಹೇಳಿ, "ಬೆಳಗ್ಗೆ ನಕ್ಕವರು ಈಗ ಚಪ್ಪಾಳೆ ಹೊಡೀರಿ!" ಎಂದಳು. ಮಂಟಪವೇ ಹಾರಿಹೋಗುವಂಥ ಚಪ್ಪಾಳೆ. ಮದುಮಗಳು ಓಡಿ ಬಂದು, "ದೊಡ್ಡಪ್ಪ, ಈಗ ಸರಿಯಾದ ರಾಗ," ಎಂದು ಅವನ ಕೊರಳಿಗೆ ಜೋತುಬಿದ್ದಳು.

ಇನಾಸ್ ಟ್ರಂಪೆಟ್ ಎತ್ತಿದ. ಎಸ್ಪೆರಾನ್ಸಾ ಚಪ್ಪಲಿ ಬಿಸುಟು, ಎದುರಿಗೆ ಸಿಕ್ಕ ಪಾದ್ರಿಗಳ ಕೈಯನ್ನೇ ಹಿಡಿದು ಕುಣಿಯತೊಡಗಿದಳು.