ತಾತನ ತಲೆಕೆಳಗಿನ ಭವಿಷ್ಯ

ಒಗೆದು ಒಣಗಿಸಿದ ಟವೆಲುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ, ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದರ ಮೇಲೊಂದು ಇಡುತ್ತಿದ್ದೆ. ಕ್ಷೌರದಂಗಡಿಯ ಯಜಮಾನರಾದ ಪಿಂಕ್ನಿ ಮಾಮ ಬಾಚಣಿಗೆಗಳನ್ನು ಕ್ರಿಮಿ ಕೊಲ್ಲುವ ನೀಲಿ ನೀರಿನ ಜಾಡಿಗೆ ಇಳಿಸುತ್ತಿದ್ದರು. ಶನಿವಾರ ಅಂಗಡಿಯ ಬಾಗಿಲು ತೆರೆದರೆ ಮುಚ್ಚುವವರೆಗೂ ಮಾತು ನಿಲ್ಲುವುದಿಲ್ಲ. ಅದಕ್ಕೆ ಮುಂಚಿನ ಹೊತ್ತನ್ನು ನಾವು ಹಾಗೇ ಸುಮ್ಮನೆ ಬಿಟ್ಟುಬಿಡುತ್ತೇವೆ.

ಅಮ್ಮನಿಗೆ ಕೋಳಿಮಾಂಸದ ಕಾರ್ಖಾನೆಯಲ್ಲಿ ಸಂಜೆಯ ಪಾಳಿ ಸಿಕ್ಕಾಗ ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಮನೆಯಲ್ಲಿ ಅಡುಗೆ, ಇಲ್ಲಿ ಕೂದಲು ಗುಡಿಸುವುದು, ಟವೆಲು ಒಗೆಯುವುದು. ಗಂಡಸರ ಅಂಗಡಿ. ನನ್ನ ತಲೆಯ ಮೇಲಿಂದಲೇ ಅವರ ಮಾತು ಹಾದುಹೋಗುತ್ತದೆ. ನಾನು ತುಟಿ ಬಿಚ್ಚುವುದಿಲ್ಲವಾದ್ದರಿಂದ ನನಗೆ ಕಿವಿಯಿದೆ ಎನ್ನುವುದೂ ಅವರಿಗೆ ಮರೆತುಹೋಗಿದೆ.

ಕಿಟಕಿ ಪಕ್ಕದ ಕುರ್ಚಿ ನನ್ನ ತಾತನದು. ಹೆಸರು ಅಲಾಂಜೊ ಗೇದರ್, ಊರಿಗೆಲ್ಲ ಲಾನಣ್ಣ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ ಒಂದು ಶನಿವಾರವೂ ತಪ್ಪಿಸಿಲ್ಲ. ತಲೆಯಲ್ಲಿ ಒಂದು ಕೂದಲೂ ಇಲ್ಲ.

"ಲಾನಣ್ಣ, ಕೂರೋದಕ್ಕೆ ಬಾಡಿಗೆ ಕೊಡು," ಎಂದು ಪಿಂಕ್ನಿ ಮಾಮ ಪ್ರತಿ ಶನಿವಾರ ರೇಗಿಸುತ್ತಾರೆ.

"ನಾನು ಬರದಿದ್ರೆ ನಿನ್ನ ಕೈಗೆ ತಲೆ ಕೊಡೋಕೆ ಯಾರು ಬರ್ತಾರೋ? ಜನ ಬರೋದು ನನ್ನ ಮಾತು ಕೇಳೋಕೆ," ಎನ್ನುತ್ತಾನೆ ತಾತ.

ಅದು ಸುಳ್ಳಲ್ಲ. ಶರತ್ಕಾಲದ ಶನಿವಾರಗಳಲ್ಲಿ, ಚೆಂಡು ಅವುಚಿಕೊಂಡು ಓಡುವ ಕಾಲೇಜು ಫುಟ್‌ಬಾಲ್ ಶುರುವಾಗುವ ಮುಂಚೆ ತಾತ ಸೋಪಿನ ಚೂರು ತೆಗೆದುಕೊಂಡು ಕನ್ನಡಿಯ ಅಂಚಿನಲ್ಲಿ ಆ ದಿನದ ಫಲಿತಾಂಶ ಬರೆಯುತ್ತಾನೆ. ಬರೆಯುವಾಗ ಕಾರಣವನ್ನೂ ಹೇಳುತ್ತಾನೆ. "ಟೆನೆಸ್ಸೀಯವರು ಇವತ್ತು ಸೋಲ್ತಾರೆ. ನಿನ್ನೆಯೆಲ್ಲ ಅಲ್ಲಿ ಮಳೆ. ಅವರ ಹುಡುಗರು ಒಣ ನೆಲದ ಕುದುರೆಗಳು, ಕೆಸರಲ್ಲಿ ಕಾಲು ಏಳಲ್ಲ." ಬೇಸಿಗೆಯಲ್ಲಿ ಬೇಸ್‌ಬಾಲ್. "ಜುಲೈನಲ್ಲಿ ಮೇಲಿರೋ ತಂಡವನ್ನ ನಂಬಬೇಡ್ರಪ್ಪ. ಸೆಪ್ಟೆಂಬರ್ ಹೊತ್ತಿಗೆ ಅದರ ಚೆಂಡೆಸೆಯೋ ಪಿಚರ್‌ಗಳ ಕೈ ಬೆಂದ ಗೆಣಸಾಗಿರುತ್ತೆ." ಸಂಜೆ ನಾನು ಕನ್ನಡಿ ಒರೆಸುವಾಗ ನೋಡುತ್ತೇನೆ. ತಾತ ಬರೆದದ್ದು ಬಹುಪಾಲು ಆಗಿರುತ್ತದೆ.

ಆದರೆ ಇದೆಲ್ಲ ಪರರ ತಂಡಗಳ ಮಾತು. ತನ್ನದು ಎಂದು ತಾತ ಇಟ್ಟುಕೊಂಡದ್ದು ಎರಡು: ಫುಟ್‌ಬಾಲ್‌ಗೆ ಆಬರ್ನ್, ಬೇಸ್‌ಬಾಲ್‌ಗೆ ಅಟ್ಲಾಂಟಾ. ಇವುಗಳ ಭವಿಷ್ಯವನ್ನು ತಾತ ತಲೆಕೆಳಗಾಗಿಯೇ ಹೇಳುತ್ತಾನೆ. ಗೆಲ್ಲಲಿ ಎಂದು ಮನಸ್ಸಿನಲ್ಲಿದ್ದರೆ ಬಾಯಲ್ಲಿ ಸೋಲುತ್ತೆ ಎನ್ನಬೇಕು. ನಾನು ಹುಟ್ಟುವ ಮುಂಚೆ ಒಂದು ನವೆಂಬರ್‌ನಲ್ಲಿ, ಆಬರ್ನ್‌ಗೂ ಅದರ ಬದ್ಧವೈರಿ ಟಸ್ಕಲೂಸಾ ತಂಡಕ್ಕೂ ಆಟವಿದ್ದ ದಿನ, ತಾತ ಇದೇ ಅಂಗಡಿಯಲ್ಲಿ ಎದೆ ತಟ್ಟಿ ನಮ್ಮವರೇ ಗೆಲ್ಲೋದು ಎಂದಿದ್ದನಂತೆ. ಕೊನೆಯ ನಿಮಿಷದಲ್ಲಿ ಕೈಗೆ ಬಂದ ಆಟ ಹೋಯಿತು. ಬಾಯಿಂದ ಬಂದದ್ದು ಕೈಗೆ ಬರಲ್ಲ ಎಂದು ತಾತ ಆವತ್ತೇ ತೀರ್ಮಾನಿಸಿದ. ಟಸ್ಕಲೂಸಾದ ಕಡೆಯವರಾದ ಪಿಂಕ್ನಿ ಮಾಮ ಇವತ್ತಿಗೂ, "ಇನ್ನೊಂದು ಸಲ ಎದೆ ತಟ್ಟು ಲಾನಣ್ಣ, ನಮಗೂ ಒಂದು ಹಬ್ಬ ಆಗ್ಲಿ," ಎಂದು ಚುಚ್ಚುತ್ತಾರೆ. ಅಂಗಡಿಯವರಿಗೆಲ್ಲ ಇದು ಅಭ್ಯಾಸವಾಗಿದೆ. ತಾತನ ಮಾತನ್ನು ಬಾಣಲೆಯಲ್ಲಿ ರೊಟ್ಟಿ ಮಗುಚಿದ ಹಾಗೆ ಮಗುಚಿ ಕೇಳುತ್ತಾರೆ.

ಆ ಶನಿವಾರ ಆಗಸ್ಟ್ ತಿಂಗಳ ಮೊದಲನೆಯದು. ಮಾತೆಲ್ಲ ನನ್ನ ತಮ್ಮ ಲವೆಲ್‌ನ ಸುತ್ತಲೇ.

ಲವೆಲ್‌ಗೆ ಎರಡು ಬಾಗಿಲು ತೆರೆದಿದ್ದವು. ಆಬರ್ನ್ ಕಾಲೇಜು ಅವನನ್ನು ಫುಟ್‌ಬಾಲ್‌ಗೆ ಕರೆದಿತ್ತು. ಓಡಿಹೋಗಿ ಚೆಂಡು ಹಿಡಿಯುವ ಕೆಲಸ, ಜೊತೆಗೆ ಪೂರ್ತಿ ಓದು ಉಚಿತ. ಉತ್ತರದ ಒಂದು ಬೇಸ್‌ಬಾಲ್ ಕ್ಲಬ್ ಅವನನ್ನು ಪಿಚರ್ ಆಗಿ ಆರಿಸಿಕೊಂಡಿತ್ತು. ಅಲ್ಲಿ ಸಹಿ ಹಾಕಿದರೆ ಫುಟ್‌ಬಾಲ್ ಮುಟ್ಟುವಂತಿಲ್ಲ ಎಂದು ಕ್ಲಬ್ಬಿನವರು ಹೇಳಿದ್ದರು. ಭಾನುವಾರ ಚರ್ಚ್ ಮುಗಿದ ಮೇಲೆ ಕ್ಲಬ್ಬಿನ ಮನುಷ್ಯ ನಮ್ಮ ಮನೆಗೆ ಬರುವವನಿದ್ದ. ಸೋಮವಾರ ಆಬರ್ನ್‌ನಲ್ಲಿ ಅಭ್ಯಾಸ ಶುರು. ಒಂದಕ್ಕೆ ಕಾಲು ಬೇಕು, ಇನ್ನೊಂದಕ್ಕೆ ಕೈ. ಯಾವುದು ಎಂದು ಲವೆಲ್ ಒಂದು ರಾತ್ರಿಯೊಳಗೆ ಹೇಳಬೇಕಿತ್ತು. "ನೀನು ಏನಂದ್ರೂ ಪಕ್ಕದಲ್ಲಿ ನಾನು ಸಹಿ ಹಾಕ್ತೀನಿ, ಆದ್ರೆ ನೀನೇ ಹೇಳ್ಬೇಕು," ಎಂದು ಅಮ್ಮ ಕೈತೊಳೆದುಕೊಂಡಿದ್ದಳು.

ಶಾಲಾ ಬಸ್ಸಿನ ಡ್ರೈವರ್ ಕ್ಲೀವನ್ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದ. ನೊರೆಯೊಳಗಿಂದಲೇ, "ಲಾನಣ್ಣ, ಊರವರಿಗೆಲ್ಲ ಭವಿಷ್ಯ ಹೇಳ್ತೀಯ. ನಿನ್ನ ಮೊಮ್ಮಗಂದು ಹೇಳಪ್ಪ ನೋಡೋಣ. ಬೇಸ್‌ಬಾಲ್ ಏನಾಗುತ್ತೆ?" ಎಂದ.

ತಾತ ಪತ್ರಿಕೆ ಮಡಿಸಿದ. "ಏನಾಗೋದು? ಎರಡು ವರ್ಷ ಬಾಳಲ್ಲ ಆ ಕೈ."

ಅಂಗಡಿ ಒಮ್ಮೆಗೇ ನಕ್ಕಿತು. "ಕೇಳಿದ್ರಾ? ಇಪ್ಪತ್ತು ವರ್ಷ ಎಸೀತಾನೆ ಅಂತ ಅರ್ಥ," ಎಂದರು ಪಿಂಕ್ನಿ ಮಾಮ, ಕತ್ತಿಯನ್ನು ಟವೆಲಿಗೆ ಒರೆಸುತ್ತ.

"ಹಾಗಾದ್ರೆ ಫುಟ್‌ಬಾಲ್?" ಎಂದ ಕ್ಲೀವನ್.

"ಮೊದಲ ವರ್ಷವೇ ಮೊಣಕಾಲು ಹೋಗುತ್ತೆ."

ಈ ಸಲ ನಗು ಅಷ್ಟು ಜೋರಾಗಿ ಬರಲಿಲ್ಲ. ಕ್ಲೀವನ್ ಕುರ್ಚಿಯಲ್ಲೇ ಅರ್ಧ ತಿರುಗಿದ. ಪಿಂಕ್ನಿ ಮಾಮ ಅವನ ಗದ್ದ ಹಿಡಿದು ನೆಟ್ಟಗೆ ಮಾಡಿದರು.

"ಎರಡೂ ಮಗುಚಿದ್ರೆ ಎರಡೂ ಚೆನ್ನಾಗಿದೆ ಅಂತಾಯ್ತು," ಎಂದ ಕ್ಲೀವನ್. "ಇದೆಂಥ ಭವಿಷ್ಯ ಮಾರಾಯ? ಇದನ್ನ ನನ್ನ ಅತ್ತೇನೂ ಹೇಳ್ತಾಳೆ."

"ನಿನ್ನ ಅತ್ತೇನ ಈ ಕುರ್ಚೀಲಿ ತಂದು ಕೂರಿಸು ಹಾಗಾದ್ರೆ."

"ಕೂರ್ತಾಳೆ. ಏಳ್ಸೋದು ನಿಂದೇ ಕೆಲಸ."

ಮತ್ತೆ ನಗು. ನಾನು ಪೊರಕೆ ಹಿಡಿದು ನಿಂತಿದ್ದೆ. ಬಾಗಿಲಲ್ಲಿ ಲವೆಲ್ ನಿಂತಿರುವುದು ನನಗೆ ಮೊದಲು ಕಂಡಿತು. ನಾಳೆ ಫೋಟೋ ತೆಗೆಯುತ್ತಾರೆಂದು ಕೂದಲು ಕತ್ತರಿಸಿಕೊಳ್ಳಲು ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಲ್ಲರ ಜೊತೆ ತಾನೂ ನಕ್ಕು ಬೆಂಚಿನಲ್ಲಿ ಕೂತ. ಸರದಿ ಬಂದಾಗ ಕನ್ನಡಿಯ ಮುಂದೆ ಕುಳಿತು, ಪಿಂಕ್ನಿ ಮಾಮ ತಲೆ ಬಗ್ಗಿಸಿದ ಕಡೆ ಬಗ್ಗಿಸಿದ. ಆದರೆ ಕಣ್ಣು ಮಾತ್ರ ಕನ್ನಡಿಯೊಳಗಿನ ತಾತನ ಮೇಲೇ ಇತ್ತು. ತಾತ ಪತ್ರಿಕೆಯನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದ.

ಕೂದಲು ಗುಡಿಸುತ್ತ ನನಗೆ ಒಂದೇ ಯೋಚನೆ. ತಾತ ಹೇಳಿದ ಎರಡರಲ್ಲಿ ಯಾವುದು ತಲೆಕೆಳಗು? ಎರಡೂ ಇರಬಹುದು. ಒಂದನ್ನು ನೆಟ್ಟಗೇ ಹೇಳಿ ಇನ್ನೊಂದರ ಪಕ್ಕದಲ್ಲಿ ಅಡಗಿಸಿಟ್ಟಿರಲೂಬಹುದು. ಇಷ್ಟು ವರ್ಷ ತಾತನ ಮಾತು ಕೇಳಿದ್ದೇನೆ, ಅವನ ಗಂಟಲಿನ ಏರಿಳಿತ ನನಗೆ ಗೊತ್ತು ಎಂದುಕೊಂಡಿದ್ದೆ. ಆವತ್ತು ಎರಡು ಮಾತಿಗೂ ಗಂಟಲು ಒಂದೇ ಥರ ಇತ್ತು.

ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಎಂದಿನಂತೆ ಹಿತ್ತಲಿಗೆ ಹೋದರು. ತಾತ ಮಗುಚಿದ ಬಕೆಟ್ಟಿನ ಮೇಲೆ ಕುಳಿತು ಚೆಂಡು ಹಿಡಿಯುವ ತನ್ನ ಹಳೆಯ ಗವಸು ತೊಟ್ಟ. ಲವೆಲ್ ಬೇಲಿಯ ಹತ್ತಿರ ನಿಂತು ಎಸೆದ. ಅವನು ಚಿಕ್ಕವನಾಗಿದ್ದಾಗಿನಿಂದ ಇದು ನಡೆದಿದೆ. ನಾನು ಮೆಟ್ಟಿಲ ಮೇಲೆ ಡಬಲ್ ಬೀನ್ಸ್ ಸುಲಿಯುತ್ತ ನೋಡುತ್ತಿದ್ದೆ. ಮೊದಲೆಲ್ಲ ತಾತ ಗವಸನ್ನು ಮೊಣಕಾಲಿನ ಹತ್ತಿರ ಹಿಡಿದರೆ ಚೆಂಡು ಅಲ್ಲಿಗೇ ಬಂದು ಕೂರುತ್ತಿತ್ತು, ಅವನು ಕೈ ಅಲುಗಿಸಬೇಕಿರಲಿಲ್ಲ. ಈಗ ಕೆಲವು ವಾರಗಳಿಂದ ಮೊಣಕಾಲಿನ ಹತ್ತಿರ ಹಿಡಿದು, ಕೊನೇ ಗಳಿಗೆಯಲ್ಲಿ ಎದೆಯ ಮುಂದಕ್ಕೆ ಎತ್ತುತ್ತಿದ್ದ. ಯಾಕೆಂದು ನನಗೆ ತಿಳಿಯಲಿಲ್ಲ. ವಯಸ್ಸಾಯಿತು, ಬಗ್ಗಲು ಆಗುತ್ತಿಲ್ಲ ಅಂದುಕೊಂಡಿದ್ದೆ.

ಬೇಗ ಮುಗಿಸಿದರು. ಲವೆಲ್ ಒಳಗೆ ಸ್ನಾನಕ್ಕೆ ಹೋದ. ನಾನು ತಾತನಿಗೆ ಐಸ್ ಹಾಕಿದ ಸಿಹಿ ಟೀ ತಂದುಕೊಟ್ಟೆ. ಕೇಳಬೇಕೆಂದೇ ತಂದದ್ದು. ಅವನು ಅರ್ಧ ಲೋಟ ಕುಡಿದ ಮೇಲೆ ಕೇಳಿದೆ.

"ತಾತ, ಅಂಗಡೀಲಿ ಹೇಳಿದ್ಯಲ್ಲ."

"ಏನು?"

"ಕೈ, ಮೊಣಕಾಲು. ಅದ್ರಲ್ಲಿ ಯಾವ್ದು ತಲೆಕೆಳಗು?"

ತಾತ ನನ್ನನ್ನು ನೋಡಿದ. ನಾನು ಹೀಗೆ ಕೇಳುವವಳಲ್ಲ. "ನಿಂಗೆ ಯಾವ್ದು ಅನ್ಸುತ್ತೆ ನೀಟಾ?"

"ಗೊತ್ತಾಗಲ್ಲ."

"ಹೂಂ," ಎಂದ. ಲೋಟದ ಐಸನ್ನು ಅಲ್ಲಾಡಿಸಿದ. "ಪರರ ಹುಡುಗರು ಆದ್ರೆ ಕಣ್ಣಿಗೆ ಕಾಣುತ್ತೆ, ಹೇಳ್ತೀನಿ. ಹೇಳಿದ್ದು ಆದ್ರೆ ನನಗೇನು? ನಮ್ಮವರದ್ದು ಹೇಳಿದ್ರೆ, ಅದು ಆಗ್ಬಿಟ್ರೆ, ಹೇಳಿದ್ದಕ್ಕೇ ಆಯ್ತು ಅನ್ಸುತ್ತೆ."

"ಹೇಳದೇ ಇದ್ರೆ?"

"ಊಟಕ್ಕೇನು ಮಾಡಿದೀಯ?" ಎಂದ ತಾತ.

ಡಬಲ್ ಬೀನ್ಸ್, ಜೋಳದ ರೊಟ್ಟಿ, ಹೆಚ್ಚಿದ ಟೊಮ್ಯಾಟೊ. ಅಮ್ಮ ಪಾಳಿಗೆ ಹೋಗಿದ್ದಳು. ಮೂವರೇ ಊಟಕ್ಕೆ ಕೂತೆವು. ಫ್ರಿಜ್ಜಿನ ಮೇಲಿನ ರೇಡಿಯೋದಲ್ಲಿ ಅಟ್ಲಾಂಟಾದ ಆಟ ಬರುತ್ತಿತ್ತು. ಎದುರು ತಂಡದ ಪಿಚರ್ ಹೊಸಬ, ಅಟ್ಲಾಂಟಾದವರಿಗೆ ಒಂದು ಓಟವನ್ನೂ ಕೊಟ್ಟಿರಲಿಲ್ಲ. ಇವನನ್ನು ಮೀರಲು ಇವತ್ತು ಯಾರಿಂದಲೂ ಆಗದು ಎಂದು ವರದಿ ಹೇಳುವವನು ಹೊಗಳುತ್ತಿದ್ದ.

"ನಮ್ಮೋರು ಇವತ್ತು ಮುಳುಗಿದ್ರು," ಎಂದ ತಾತ. ಅದು ತಲೆಕೆಳಗು, ನಮಗೆ ಗೊತ್ತು. ಲವೆಲ್ ಮುಗುಳ್ನಕ್ಕ. ಆಮೇಲೆ ತಾತ ಬಾಯಲ್ಲಿ ರೊಟ್ಟಿಯಿಟ್ಟುಕೊಂಡೇ, "ಆ ಹೊಸಬ ಮಾತ್ರ ಮುಗಿದ. ಮುಂದಿನ ಇನ್ನಿಂಗ್ಸ್‌ನಲ್ಲಿ ಅವನನ್ನ ಬಡಿದು ಹಾಕ್ತಾರೆ, ನೋಡ್ತಿರಿ," ಎಂದ. ಇದು ಪರರ ಹುಡುಗನ ಮಾತು, ನೆಟ್ಟಗಿನದು.

"ಚೆನ್ನಾಗೇ ಎಸೀತಿದಾನಲ್ಲ ತಾತ," ಎಂದ ಲವೆಲ್.

"ಜೋರಾಗಿ ಎಸೀತಿದಾನೆ. ಜೋರು ಬೇರೆ. ಕೇಳಿಸ್ಕೋ, ಪ್ರತಿ ಚೆಂಡೂ ಎದೆ ಮಟ್ಟಕ್ಕೆ ಬಂತು, ಎದೆ ಮಟ್ಟಕ್ಕೆ ಬಂತು ಅಂತಿದಾನೆ. ಮೊಣಕಾಲಿಗೆ ಇಡೋಕೆ ಹೋಗಿದ್ದು ಎದೆಗೆ ಬರ್ತಿದೆ. ಯಾವಾಗ ಹಾಗಾಗುತ್ತೆ? ಮೊಣಕೈ ಕೆಳಗಿಳಿದಾಗ. ಮೊಣಕೈ ಯಾವಾಗ ಇಳಿಯುತ್ತೆ? ಒಳಗೆಲ್ಲೋ ನೋವು..."

ತಾತನ ಮಾತು ಅಲ್ಲಿಗೇ ನಿಂತಿತು.

ನಾನು ತಟ್ಟೆ ನೋಡಿದೆ. ಹಿತ್ತಲಿನ ಬಕೆಟ್ಟು, ಮೊಣಕಾಲಿನಿಂದ ಎದೆಗೆ ಏಳುತ್ತಿದ್ದ ಗವಸು ನನ್ನ ಕಣ್ಣಿಗೆ ಕಟ್ಟಿದವು. ಇನ್ನೊಂದೂ ನೆನಪಾಯಿತು. ಮೊನ್ನೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದುಕೊಡು ಎಂದಾಗ ಲವೆಲ್ ಅದನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡಿದ್ದ. ಅವನು ಬಲಗೈಯಲ್ಲಿ ಎಸೆಯುವವನು.

ಲವೆಲ್‌ನ ಚಮಚ ಬೀನ್ಸಿನ ಮೇಲೆ ಹಾಗೇ ನಿಂತಿತ್ತು.

ರೇಡಿಯೋದಲ್ಲಿ ಗದ್ದಲ ಎದ್ದಿತು. ಮುಂದಿನ ಇನ್ನಿಂಗ್ಸ್ ಶುರುವಾಗಿ ಅಟ್ಲಾಂಟಾದವನೊಬ್ಬ ಚೆಂಡನ್ನು ಬೇಲಿಯಾಚೆಗೆ ಹೊಡೆದಿದ್ದ. ಅವನ ಹಿಂದೆ ಇನ್ನೊಬ್ಬನೂ ಹೊಡೆದ. ಹೊಸಬನನ್ನು ಒಳಗೆ ಕರೆಸಿಕೊಂಡರು. ಬೇರೆ ದಿನವಾಗಿದ್ದರೆ ತಾತ ಮೇಜು ಕುಟ್ಟಿ, ಹೇಳಿದ್ನಾ ಇಲ್ವಾ ಎಂದು ನಮ್ಮಿಬ್ಬರ ತಲೆ ತಿನ್ನುತ್ತಿದ್ದ. ಈಗ ಎದ್ದು ಹೋಗಿ ರೇಡಿಯೋದ ಸದ್ದು ಸ್ವಲ್ಪ ತಗ್ಗಿಸಿ, ಬಂದು ಕೂತ.

"ಆ ಹೊಸಬನ ಮುಖಾನೂ ನೋಡಿಲ್ಲ ನೀನು," ಎಂದ ಲವೆಲ್. ಧ್ವನಿ ಎತ್ತಿರಲಿಲ್ಲ. "ರೇಡಿಯೋ ಕೇಳ್ಕೊಂಡು ಹೇಳ್ದೆ. ನನ್ನ ಚೆಂಡನ್ನ ದಿನಾ ಹಿಡೀತೀಯ."

"ರೊಟ್ಟಿ ಹಾಕಮ್ಮ ಅವನಿಗೆ," ಎಂದ ತಾತ ನನ್ನ ಕಡೆ ತಿರುಗಿ.

ಹಾಕಿದೆ. ಲವೆಲ್ ಮುಟ್ಟಲಿಲ್ಲ.

"ಅಂಗಡೀಲಿ ಎರಡು ವರ್ಷ ಬಾಳಲ್ಲ ಅಂದೆ. ಎಲ್ರೂ ಮಗುಚಿ ನಕ್ರು, ನಾನೂ ನಕ್ಕೆ. ಮಗುಚಬೇಕಾ ಬೇಡ್ವಾ ಅಂತ ನಂಗೆ ಗೊತ್ತಾಗ್ತಿಲ್ಲ ತಾತ. ನಾಳೆ ಕ್ಲಬ್ಬಿನ ಮನುಷ್ಯ ಬಂದು ಕೂತಾಗ ನಾನು ಏನಾದ್ರೂ ಹೇಳ್ಬೇಕಲ್ಲ."

ತಾತ ಬಾಯಿ ತೆರೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಚೆನ್ನಾಗಿದೆ ಎಂದರೆ ಅದೇ ಕೈಯನ್ನು ಕೆಡಿಸುತ್ತದೆಂದು ಅವನು ನಂಬಿದ್ದ. ಕೆಟ್ಟಿದೆ ಎಂದರೆ ಲವೆಲ್ ಅದನ್ನು ಮಗುಚಿಕೊಳ್ಳಬಹುದು, ಮಗುಚದೆಯೂ ಇರಬಹುದು. ಊರೂರಿನ ತಂಡಗಳ ಬಗ್ಗೆ ಅಷ್ಟು ಮಾತಾಡಿದ ಬಾಯಿ, ಬೀನ್ಸಿನ ತಟ್ಟೆಯ ಮುಂದೆ ತೆರೆದು, ಮತ್ತೆ ಮುಚ್ಚಿಕೊಂಡಿತು.

ಲವೆಲ್ ಬಲಗೈಯನ್ನು ಮೇಜಿನ ಮೇಲೆ, ಅಂಗೈ ಮೇಲಾಗಿ, ತಾತನ ತಟ್ಟೆಯ ಪಕ್ಕದಲ್ಲಿ ಇಟ್ಟ. ನನ್ನ ಕಡೆಯೂ ಒಮ್ಮೆ ನೋಡಿದ. ನಾನು ನೀರಿನ ಜಗ್ಗನ್ನು ಹಿಡಿದುಕೊಂಡೆ. ರೇಡಿಯೋದವನು ಸಣ್ಣ ದನಿಯಲ್ಲಿ ಹೊಸಬನ ಜಾಗಕ್ಕೆ ಬಂದ ಪಿಚರ್‌ನ ಹೆಸರು ಹೇಳಿದ.

"ತಾತ, ಒಂದು ಸಲ ನೆಟ್ಟಗೆ ಹೇಳು," ಎಂದ ಲವೆಲ್.