ತ್ಯಾಂಪಣ್ಣ ಜಗಲಿಯಿಂದ ಬಿದ್ದದ್ದು

ತ್ಯಾಂಪ ಪೂಜಾರಿಯ ಕಾಲಿನ ಹಿಡಿತದ ಬಗ್ಗೆ ಕೇಳದವರು ಆ ಕಾಲದ ಕಾಪುವಿನಲ್ಲಿ ಯಾರೂ ಇರಲಿಲ್ಲ. ನಲವತ್ತು ವರ್ಷ, ದಿನಕ್ಕೆರಡು ಹೊತ್ತು, ತಾಳೆ ಮರ ಹತ್ತಿ ಕಳ್ಳು ಇಳಿಸಿದವನು. ಒಂದು ದಿನವೂ ಜಾರಿದವನಲ್ಲ. ಪಾನನಿರೋಧದ ಕಾನೂನು ಬಂದಾಗ ಅವನಿಗೆ ಅರವತ್ತರ ಹತ್ತಿರ. ತ್ಯಾಂಪಣ್ಣನನ್ನು ಮರದಿಂದ ಇಳಿಸಲು ಸರಕಾರವೇ ಬರಬೇಕಾಯಿತು ಎಂದು ಊರವರು ಹೇಳಿ ನಗುತ್ತಿದ್ದರು. ಅಂಥವನು ಎಪ್ಪತ್ತು ದಾಟಿದ ಮೇಲೆ, ಅರವತ್ತೆರಡನೆಯ ಇಸವಿಯ ಮಾರ್ಚಿನಲ್ಲಿ, ತನ್ನದೇ ಮನೆಯ ಮೊಣಕಾಲೆತ್ತರದ ಜಗಲಿಯಿಂದ ಅಂಗಳಕ್ಕೆ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಎಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ಅಮ್ಮಣ್ಣಿ ದೂಡಿದಳು ಎಂದರು.

ಅಮ್ಮಣ್ಣಿ ಅವನ ತಂಗಿಯ ಮಗಳು. ಗಂಡ ತೀರಿಕೊಂಡ ಮೇಲೆ ಹುಟ್ಟಿದ ಮನೆಗೆ ವಾಪಸು ಬಂದವಳು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಯಲ್ಲಿ ಹೆಣ್ಣಿಗೆ ಅಷ್ಟು ಜಾಗ ಇದ್ದೇ ಇರುತ್ತದೆ, ಅದರ ಜೊತೆಗೆ ಮುದಿ ಸೋದರಮಾವನ ಚಾಕರಿಯೂ ಇರುತ್ತದೆ. ಅವಳ ತಮ್ಮ ಧರ್ಮಪಾಲ ಪೇಟೆಯಲ್ಲಿ ಕಂಪೆನಿಯೊಂದರ ಬೀಡಿ ಬ್ರಾಂಚು ಇಟ್ಟುಕೊಂಡು ಹೆಂಡತಿ ಸುಭಾಷಿಣಿಯ ಜೊತೆ ಬೇರೆ ಇದ್ದ. ಅವನ ಬ್ರಾಂಚಿನಿಂದ ಎಲೆಯನ್ನೂ ಹೊಗೆಸೊಪ್ಪನ್ನೂ ತಂದು, ಬೀಡಿ ಕಟ್ಟಿ ಅಲ್ಲಿಗೇ ಒಪ್ಪಿಸುವುದು ಸುತ್ತಲಿನ ನೂರಿಪ್ಪತ್ತು ಮನೆಗಳ ಹೆಂಗಸರ ಕೆಲಸ. ಅಮ್ಮಣ್ಣಿಯದೂ ಅದೇ. ಬೆಳಿಗ್ಗೆ ಗಂಜಿ ಉಂಡು ಮೊರವನ್ನು ಮಡಿಲಲ್ಲಿಟ್ಟುಕೊಂಡರೆ ಏಳುವುದು ದೀಪ ಹಚ್ಚುವ ಹೊತ್ತಿಗೆ.

ಮೂರು ವರ್ಷದಿಂದ ಮಾವನಿಗೆ ಮರೆವು ಹಿಡಿದಿತ್ತು. ಮೊದಲು ನೆರೆಯವರ ಹೆಸರು ಹೋಯಿತು, ಆಮೇಲೆ ಪಾನನಿರೋಧವೇ ಮರೆತುಹೋಯಿತು. "ಹೊತ್ತಾಯಿತು, ನನ್ನ ಕತ್ತಿ ಎಲ್ಲಿ?" ಎಂದು ಎದ್ದು ಹೊರಡುತ್ತಿದ್ದ. ಒಂದು ದಿನ ಕಾಣದೆ ಹೋದವನನ್ನು ಹುಡುಕಿದರೆ ನೆರೆಮನೆಯ ದೇಯಕ್ಕನ ಗದ್ದೆಯ ಅಂಚಿನಲ್ಲಿ ತಾಳೆ ಮರವನ್ನು ತಬ್ಬಿ ಆಳೆತ್ತರ ಏರಿಬಿಟ್ಟಿದ್ದ. ಅಮ್ಮಣ್ಣಿ ಕೆಳಗೆ ನಿಂತು ಕೂಗಿ ಕರೆದಳು. ಬೇಡಿಕೊಂಡರೂ ಇಳಿಯಲಿಲ್ಲ. ಕೊನೆಗೆ ಸೊಂಟದಲ್ಲಿದ್ದ ಬೀಡಿಯೊಂದನ್ನು ತೆಗೆದು, "ಮಾವ, ಬೀಡಿ ಉಂಟು, ಇಳಿದು ಬನ್ನಿ" ಎಂದಳು. ಇಳಿದು ಬಂದ.

ಅಲ್ಲಿಂದ ಅವಳಿಗೆ ಉಪಾಯ ಸಿಕ್ಕಿತು. ಬೀಡಿ ಕೈಯಲ್ಲಿದ್ದರೆ ಮಾವ ಜಗಲಿ ಬಿಟ್ಟು ಏಳುವುದಿಲ್ಲ. ಸೇದಿದ್ದು ನೆನಪಿರುವುದಿಲ್ಲ ಎಂಬುದು ಬೇರೆ ಮಾತು. ಬೆರಳ ನಡುವಿನ ತುಂಡು ಇನ್ನೂ ಹೊಗೆಯಾಡುತ್ತಿರುವಾಗಲೇ, "ಒಂದು ಬೀಡಿ ಕೊಡು ಮಾರಾಯ್ತಿ, ಬೆಳಿಗ್ಗೆಯಿಂದ ಒಂದೂ ಎಳೆದಿಲ್ಲ" ಎನ್ನುತ್ತಿದ್ದ. ಇವಳು ಕೊಡುತ್ತಿದ್ದಳು. ವಾದ ಮಾಡುತ್ತ ಕೂತರೆ ಕೆಲಸ ಸಾಗಬೇಕಲ್ಲ. ದಿನಕ್ಕೆ ಮೂವತ್ತಾಯಿತು, ನಲವತ್ತಾಯಿತು. ಊಟಕ್ಕೆ ಕರೆದರೆ ಆಗಲೇ ಉಂಡೆ ಎನ್ನುತ್ತಿದ್ದ. ಅಂಗಳದ ಬಿಸಿಲಿಗೂ ಇಳಿಯದೆ, ಹೊಗೆಯ ನಡುವೆ ಒಣಗಿ ಕಡ್ಡಿಯಾಗಿ ಕೂತಿದ್ದ. ಮಾವನನ್ನು ಮರದಿಂದ ಕಾಪಾಡಿದೆ ಎಂದು ಅಮ್ಮಣ್ಣಿಗೆ ಸಮಾಧಾನ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಬಿದ್ದ ದಿನ ಅವಳು ಅಂಗಳದಲ್ಲಿ ಎಲೆ ನೆನೆಸುತ್ತಿದ್ದಳು. ಮಾವ ಎದ್ದು ನಿಂತ. ಪಂಚೆ ಕಾಲಿಗೆ ಸಿಕ್ಕಿ ವಾಲಿದ. ಅಮ್ಮಣ್ಣಿ ಓಡಿ ಬಂದು ಹೆಗಲು ಹಿಡಿಯುವಷ್ಟರಲ್ಲಿ ಅವನು ಅಂಗಳದಲ್ಲಿದ್ದ. ಅದೇ ಕ್ಷಣಕ್ಕೆ ದೇಯಕ್ಕ ಬೇಲಿಯಾಚೆಯಿಂದ ತಲೆ ಎತ್ತಿದ್ದಳು. ಅವಳು ಕಂಡದ್ದು ಇಷ್ಟೇ: ಅಮ್ಮಣ್ಣಿಯ ಕೈ ಮುದುಕನ ಹೆಗಲ ಮೇಲೆ, ಮುದುಕ ನೆಲದ ಮೇಲೆ. ಅದು ಸಾಲದು ಎಂಬಂತೆ ಬಿದ್ದಲ್ಲಿಂದ ಮಾವ ಕೂಗಿದ: "ದೂಡಿದಳು, ಇವಳು ನನ್ನನ್ನು ದೂಡಿದಳು." ಹುಟ್ಟಿದಾರಭ್ಯ ಬಿದ್ದು ಗೊತ್ತಿಲ್ಲದವನು, ಬಿದ್ದೆ ಎಂದು ಹೇಳಲು ಅವನಿಗೆ ಬಾಯಿಯೇ ಬರಲಿಲ್ಲವೋ ಏನೋ.

ಎಲುಬು ಕಟ್ಟುವ ಊರ ಪಂಡಿತ ಬಿದಿರಿನ ಸೀಳು, ಸೊಪ್ಪು ಎಲ್ಲ ತಂದು ಕಟ್ಟಿದ. ಕಟ್ಟಿ ಸುಮ್ಮನೆ ಹೋಗಬಾರದಿತ್ತೆ? ಅಂಗಳದಲ್ಲಿ ನೆರೆದ ಹತ್ತು ಜನರೆದುರು, "ಮರ ಹತ್ತುವವರ ಎಲುಬು ಕಬ್ಬಿಣ. ಇಷ್ಟು ತಗ್ಗಿನಿಂದ ಬಿದ್ದರೆ ಮುರಿಯುವುದುಂಟಾ? ಬಲವಾದ ಪೆಟ್ಟು ಬಿದ್ದಿರಬೇಕು" ಎಂದ. ಊರಿಗೆ ಇನ್ನೆಂತ ಸಾಕ್ಷಿ ಬೇಕು? ಮರುದಿನದಿಂದ ಬಾವಿಕಟ್ಟೆಯಲ್ಲಿ ಅಮ್ಮಣ್ಣಿ ಬಂದರೆ ಮಾತು ನಿಲ್ಲತೊಡಗಿತು.

ಹತ್ತು ದಿನ ಕಳೆದರೂ ನರಳಾಟ ನಿಲ್ಲಲಿಲ್ಲ. ಧರ್ಮಪಾಲ ಬಾಡಿಗೆ ಕಾರು ತಂದ. ಅಕ್ಕ, ತಮ್ಮ ಸೇರಿ ಮಾವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಹೇಗೆ ಬಿದ್ದರು?" ಎಂದು ಕೇಳಿದರು.

"ಜಗಲಿಯಿಂದ. ನಾನು ದೂಡಿದ್ದಲ್ಲ ಸ್ವಾಮಿ" ಎಂದಳು ಅಮ್ಮಣ್ಣಿ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಅವಳಿಗೆ ಅಷ್ಟರಲ್ಲೇ ಅಭ್ಯಾಸವಾಗಿತ್ತು.

"ಇವರನ್ನು ಯಾರೂ ದೂಡಬೇಕಾಗಿಲ್ಲ ಅಮ್ಮ. ಎಲುಬಿನಲ್ಲಿ ಸತ್ವವೇ ಇಲ್ಲ, ಗೆದ್ದಲು ತಿಂದ ಮಾಡಿನ ಪಕಾಸಿನ ಹಾಗೆ ಆಗಿದೆ. ಬೀಡಿ ಸೇದುತ್ತಾರಾ? ಎಷ್ಟು?"

ಅಮ್ಮಣ್ಣಿ ತಮ್ಮನ ಮುಖ ನೋಡಿ, ತಲೆ ತಗ್ಗಿಸಿ ಹೇಳಿದಳು: "ನಲವತ್ತು. ಸೇದಿದ್ದು ಅವರಿಗೆ ಮರೆತುಹೋಗ್ತದೆ. ಕೇಳಿದಾಗೆಲ್ಲ ನಾನೇ ಕೊಡ್ತಿದ್ದೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಪುಸ್ತಕದಲ್ಲಿ ನಾನು ಓದಿದ್ದಲ್ಲ ಇದು, ಕಣ್ಣಲ್ಲಿ ಕಂಡದ್ದು" ಎಂದರು. "ಸುಮ್ಮನೆ ಬಿದ್ದು ಸೊಂಟ ಮುರಿದು ಬರುವ ಮುದುಕರಲ್ಲಿ ಹೊಗೆ ಕುಡಿಯುವವರೇ ಹೆಚ್ಚು. ಈ ಹೊಗೆ ಎಲುಬನ್ನೂ ಬಿಡುವುದಿಲ್ಲ ಅಂತ ನನ್ನ ಅಂದಾಜು. ಬುದ್ಧಿ ಮಸುಕಾದವರಿಗಂತೂ ಉಂಡದ್ದೂ ಗೊತ್ತಿಲ್ಲ, ಸೇದಿದ್ದೂ ಗೊತ್ತಿಲ್ಲ. ಇನ್ನು ಕೊಡಬೇಡಿ."

ಈ ಪ್ರಾಯದಲ್ಲಿ ಕೊಯ್ಯುವುದು ಬೇಡ, ಮಲಗಿಸಿ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು. ಕಾರಿನಲ್ಲಿ ಅಮ್ಮಣ್ಣಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತನ್ನ ಕೈಯಾರೆ ಕಟ್ಟಿ, ತನ್ನ ಕೈಯಾರೆ ಕೊಟ್ಟದ್ದು. ಆದರೂ ಒಂದು ಮಾತು ಮಾತ್ರ ಅವಳಿಗೆ ಬೇಕಾಗಿತ್ತು.

"ಧರ್ಮಪಾಲ, ಡಾಕ್ಟರು ಹೇಳಿದ್ದನ್ನು ನೀನು ಕೇಳಿದ್ದಿ ಅಲ್ವಾ? ದೇಯಕ್ಕನಿಗೆ ಹೇಳು, ಊರವರಿಗೆ ಹೇಳು. ನಾನು ಹೇಳಿದರೆ ನಂಬುವುದಿಲ್ಲ."

"ಎಂತ ಹೇಳುವುದು ಅಕ್ಕ? ಬೀಡಿ ಎಲುಬು ತಿಂತದೆ ಅಂತಲಾ?" ಧರ್ಮಪಾಲ ರಸ್ತೆಯನ್ನೇ ನೋಡುತ್ತಿದ್ದ. "ನೂರಿಪ್ಪತ್ತು ಮನೆಯ ಗಂಜಿ ಅದರಲ್ಲಿ ಉಂಟು. ನಾನೇ ಹಾಗೆ ಹೇಳಿದರೆ ಕಂಪೆನಿಯವರು ಬ್ರಾಂಚು ಬೇರೆಯವರಿಗೆ ಕೊಡ್ತಾರೆ."

"ನನ್ನ ಹೆಸರು ಹಾಳಾಯಿತಲ್ಲ ಮಾರಾಯ."

"ಸಮಯ ನೋಡಿ ಹೇಳ್ತೇನೆ. ನನಗೆ ಬಿಡು."

ಬಿಟ್ಟಳು. ತಿಂಗಳು ಕಾದಳು. ಧರ್ಮಪಾಲನಿಗೆ ಸಮಯ ಸಿಗಲಿಲ್ಲ. ಒಂದು ದಿನ ತಡೆಯಲಾರದೆ, ಬ್ರಾಂಚಿನಲ್ಲಿ ಬೀಡಿ ಒಪ್ಪಿಸಲು ಬಂದ ಹೆಂಗಸರ ನಡುವೆ ತಾನೇ ಬಾಯಿ ಬಿಟ್ಟಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಹಾಗಾದರೆ ನಮ್ಮ ಗಂಡಂದಿರೆಲ್ಲ ಈಗ ತೆವಳಬೇಕಿತ್ತು" ಎಂದಳು ಒಬ್ಬಳು. "ಮಾಡುವುದನ್ನು ಮಾಡಿ ಈಗ ತಪ್ಪನ್ನು ನಮ್ಮ ಅನ್ನದ ಮೇಲೆ ಹಾಕುವುದು ಬೇಡ" ಎಂದಳು ಇನ್ನೊಬ್ಬಳು, ನಗದೆ. ಧರ್ಮಪಾಲ ಮೇಜಿನ ಹಿಂದೆ ಕೂತು ಕಟ್ಟುಗಳನ್ನು ತಿರುಗಿಸಿ ನೋಡುತ್ತಿದ್ದ. ಅವನ ಕಿವಿಗೆ ಏನೂ ಬಿದ್ದ ಹಾಗೆ ಕಾಣಲಿಲ್ಲ.

ಮನೆಯಲ್ಲಿ ಬೀಡಿ ನಿಲ್ಲಿಸಿದ್ದಕ್ಕೆ ಮಾವ ದಿನವಿಡೀ ಬೊಬ್ಬೆ ಹೊಡೆಯುತ್ತಿದ್ದ. "ದೂಡಿದವಳು ಈಗ ಬೀಡಿಯನ್ನೂ ಕೊಡುವುದಿಲ್ಲ" ಎಂಬುದು ಬೇಲಿ ದಾಟಿ ಕೇಳುತ್ತಿತ್ತು. ಸೇದಿದ ಬೀಡಿ ನೆನಪಿರದವನಿಗೆ ದೂಡಿದ್ದೊಂದು ಚೆನ್ನಾಗಿ ನೆನಪಿತ್ತು, ಅದೂ ನಡೆಯದೇ ಇದ್ದದ್ದು. ದೇಯಕ್ಕ ಕರುಣೆಯಿಂದ ಕಿಟಕಿಯ ಸರಳಿನ ನಡುವೆ ಬೀಡಿ ಕೊಟ್ಟು ಹೋಗುತ್ತಿದ್ದಳು. ಅಮ್ಮಣ್ಣಿ ಹೊಲಸು ಬಳಿದಳು, ಬೆನ್ನಿನ ಹುಣ್ಣು ತೊಳೆದಳು, ಬೈಗುಳ ತಿಂದಳು. ಜೂನಿನ ಕೊನೆಗೆ ಮಾವ ತೀರಿಕೊಂಡ.

ಉತ್ತರಕ್ರಿಯೆಯ ಬೊಜ್ಜದ ದಿನ ಸತ್ತವರಿಗೆ ಬಾಳೆಲೆ ಹಾಕಿ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸುವುದು ಪದ್ಧತಿ. ಕಡೆಗಾಲದಲ್ಲಿ ಯಾರ ಕೈಯಿಂದ ಉಂಡರೋ ಅವರೇ ಮೊದಲ ಅನ್ನ ಬಡಿಸಬೇಕು. ಅಮ್ಮಣ್ಣಿ ಮಿಂದು, ಅನ್ನದ ಪಾತ್ರೆ ಹಿಡಿದು ಬಂದಳು. ಕಾರ್ಕಳದಿಂದ ಬಂದ ನೆಂಟರು, ಊರವರು, ಚಾವಡಿ ತುಂಬ ಜನ. ಎಲೆಯ ಪಕ್ಕದಲ್ಲಿ ದೇಯಕ್ಕ ನಿಂತಿದ್ದಳು.

"ಬೇಡ ಅಮ್ಮಣ್ಣಿ" ಎಂದಳು ದೇಯಕ್ಕ, ಮೆಲ್ಲನೆ. "ಕೈ ಮಾಡಿದವರು ಬಡಿಸಿದರೆ ಹೋದವರು ಮುಟ್ಟುವುದಿಲ್ಲ. ಸುಭಾಷಿಣಿ ಬಡಿಸಲಿ."

ಅಮ್ಮಣ್ಣಿ ತಮ್ಮನತ್ತ ತಿರುಗಿದಳು. ಎಲೆಯ ಮೇಲಿಡಲು ಅವನು ಬೀಡಿ ಹೊತ್ತಿಸುತ್ತಿದ್ದ.

"ಧರ್ಮಪಾಲ, ಇದಕ್ಕಿಂತ ಸಮಯ ಇನ್ನು ಬರುವುದಿಲ್ಲ. ಮಣಿಪಾಲದ ಡಾಕ್ಟರು ಎಂತ ಹೇಳಿದರು, ಇವರಿಗೆ ಹೇಳು."

ಎಲ್ಲರೂ ಅವನನ್ನು ನೋಡಿದರು. ಅವನು ಬೀಡಿ ಆರದಂತೆ ಒಂದು ದಮ್ಮು ಎಳೆದು, ಎಲೆಯ ಅಂಚಿನಲ್ಲಿಟ್ಟ.

"ಡಾಕ್ಟರು ಎಂತದೂ ಹೇಳಲಿಲ್ಲ ಅಕ್ಕ. ಪ್ರಾಯ ಆಯಿತು ಅಂದ್ರು, ಅಷ್ಟೆ." ಆಮೇಲೆ ದನಿ ತಗ್ಗಿಸಿ, ತುಂಬ ಪ್ರೀತಿಯಿಂದ ಸೇರಿಸಿದ: "ಆದದ್ದು ಆಯಿತು. ಮರುಳು ಹಿಡಿದವರನ್ನು ನೋಡಿಕೊಳ್ಳುವಾಗ ಯಾರಿಗೂ ಒಮ್ಮೆ ಕೈ ಮೀರಿಹೋಗ್ತದೆ. ಇನ್ನು ನಿನ್ನನ್ನು ಯಾರೂ ಕೇಳುವುದಿಲ್ಲ."

"ಹೌದು, ಹೌದು" ಎಂದರು ನೆಂಟರು. ದೇಯಕ್ಕ ಕಣ್ಣೊರೆಸಿಕೊಂಡು ಅಮ್ಮಣ್ಣಿಯ ಬೆನ್ನು ಸವರಿದಳು. ಒಬ್ಬರಾದ ಮೇಲೆ ಒಬ್ಬರು ಬಂದು ಸಮಾಧಾನ ಹೇಳಿದರು. ಮೂರು ತಿಂಗಳಿನಿಂದ ಮಾತು ಬಿಟ್ಟಿದ್ದವರು ಕೂಡ ಬಂದರು. ಮಾಡದ ತಪ್ಪಿಗೆ ಊರೆಲ್ಲ ಸೇರಿ ಅವಳನ್ನು ಕ್ಷಮಿಸಿಬಿಟ್ಟಿತು. ನಲವತ್ತು ಬೀಡಿಯ ವಿಷಯ ಒಬ್ಬರೂ ಎತ್ತಲಿಲ್ಲ. ಅದಕ್ಕೆ ಅವಳಿಗೆ ಯಾರೂ ಬೈಯಲಿಲ್ಲ, ಇನ್ನು ಬೈಯುವವರೂ ಇರಲಿಲ್ಲ. ಅಮ್ಮಣ್ಣಿ ಅನ್ನದ ಪಾತ್ರೆಯನ್ನು ಸುಭಾಷಿಣಿಯ ಕೈಗೆ ಕೊಟ್ಟು, ಗೋಡೆಯ ಬದಿಗೆ ಸರಿದು ನಿಂತಳು.