ತಂತಿ ಕ್ಯಾಸೆಟ್ಟು

ಆ ದಿನ ಮಧ್ಯಾಹ್ನ ಮುಂದಿನ ಸೀಟಿಗೆ ಹತ್ತಿದವನು ಬಾಗಿಲು ಹಾಕಿಕೊಳ್ಳುವ ಮೊದಲೇ ಪಿಸ್ತೂಲು ತೆಗೆದ. ನೇರಿಯೊನ ಪಕ್ಕೆಗೆ ಒತ್ತಿ ಹಿಡಿದು, "ಓಡಿಸ್ತಾ ಇರು ಯಜಮಾನ. ತಿರುಗಿ ನೋಡಿದ್ರೆ ಕರುಳು ಈಚೆಗೆ ಬರುತ್ತೆ" ಅಂದ.

ನೇರಿಯೊ ಮರಕೈಬೋ ನಗರದ ಬೀದಿಗಳಲ್ಲಿ ಹಳೆಯ ಮಾಲಿಬು ಕಾರನ್ನು ಸೀಟಿನ ಲೆಕ್ಕದಲ್ಲಿ ಬಾಡಿಗೆಗೆ ಓಡಿಸುತ್ತ ತಲೆ ನರೆಸಿಕೊಂಡವನು. ಹಿಂದಿನ ಸೀಟಿನಲ್ಲಿ ಎಗ್ಡಾ ಒಬ್ಬಳೇ ಇದ್ದಳು. ಸಂತೆಯಲ್ಲಿ ಕರಿದ ಬಾಳೆಕಾಯಿ ಮಾರುವ ದಪ್ಪ ಹೆಂಗಸು, ದಿನಾ ಇದೇ ಕಾರಿನಲ್ಲಿ ಹೋಗುವವಳು. ಅವಳ ಕೈಯಿಂದ ಬಳೆ, ಫೋನು, ಚೀಲ ಎಲ್ಲ ಮುಂದಕ್ಕೆ ಬಂದವು. ನೇರಿಯೊನ ಗಡಿಯಾರವೂ ಹೋಯಿತು. ಆದರೂ ಕಳ್ಳ ಇಳಿಯಲಿಲ್ಲ. ಊರ ಹೊರಗೆ ಕರೆದೊಯ್ದು ಕಾರನ್ನೂ ಕಿತ್ತುಕೊಳ್ಳುವ ಯೋಚನೆ ಇದ್ದಂತಿತ್ತು. ಹಾಗೆ ಹೋದ ಡ್ರೈವರುಗಳಲ್ಲಿ ಎಷ್ಟು ಜನ ವಾಪಸು ಬಂದರೆಂಬುದು ನೇರಿಯೊಗೆ ಗೊತ್ತಿತ್ತು.

ಅಷ್ಟರಲ್ಲಿ ಕಳ್ಳನ ಕಣ್ಣು ಸ್ಟೀರಿಯೊ ಕೆಳಗೆ ನೇತಾಡುತ್ತಿದ್ದ ಕರಿ ತಂತಿಯ ಮೇಲೆ ಬಿತ್ತು. ತಂತಿಯ ಒಂದು ತುದಿಯಲ್ಲಿ ಕ್ಯಾಸೆಟ್ಟಿನ ಆಕಾರದ ಪ್ಲಾಸ್ಟಿಕ್ ಬಿಲ್ಲೆ, ಇನ್ನೊಂದು ತುದಿಯಲ್ಲಿ ಸಣ್ಣ ಪಿನ್ನು.

"ಇದೇನಿದು, ನಿಮ್ಮಜ್ಜಿ ಕಾಲದ್ದಾ?" ಅಂತ ನಕ್ಕು, ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟೇ ಇದ್ದ ಹಾಡಿನ ಪ್ಲೇಯರ್ ತೆಗೆದ. ಪಿನ್ನನ್ನು ಅದಕ್ಕೆ ಚುಚ್ಚಿ, ಬಿಲ್ಲೆಯನ್ನು ಸ್ಟೀರಿಯೊದೊಳಗೆ ತಳ್ಳಿದ. ಸ್ಟೀರಿಯೊ ಅದನ್ನು ಟಕ್ಕೆಂದು ಹೊರಗೆ ಉಗುಳಿತು. ಮತ್ತೆ ತಳ್ಳಿದ. ಮತ್ತೆ ಉಗುಳಿತು.

"ಹಾಳಾದ್ದು! ಹೆಂಗೋ ಇದು?"

"ತಂತಿ ಬಲಗಡೆ ಬರ್ಬೇಕು," ನೇರಿಯೊ ಅಂದ. "ಒಳಗೆ ಹಾಕಿ ಬೆರಳಲ್ಲಿ ಒತ್ತಿ ಹಿಡೀಬೇಕು. ಹಾಡು ಹತ್ತೋ ಮೊದ್ಲು ಬಿಟ್ರೆ ಆಚೆ ಬರುತ್ತೆ. ಹಿಡ್ಕೊಂಡೇ ಇನ್ನೊಂದು ಕೈಲಿ ಪಿನ್ನು ಮೆಲ್ಲಗೆ ತಿರುಗಿಸು."

ಕಳ್ಳ ಪಿಸ್ತೂಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎರಡೂ ಕೈ ಮುಂದೆ ಚಾಚಿ ಬಗ್ಗಿದ. ಮೊದಲು ಬರೀ ಗರಗರ. ಆಮೇಲೆ ಒಮ್ಮೆಲೇ ತಾಳ, ಕಹಳೆ, ಕಾರಿನ ತಗಡೆಲ್ಲ ಅದುರುವಷ್ಟು ಜೋರಾಗಿ. ಅವನ ಮುಖ ಅರಳಿತು. "ಬಂತು ನೋಡು!" ಅಂತ ನೇರಿಯೊ ಕಡೆ ತಿರುಗಿದ, ಗೆಳೆಯನ ಕಡೆ ತಿರುಗುವ ಹಾಗೆ.

ನೇರಿಯೊ ಬ್ರೇಕನ್ನು ಗಕ್ಕನೆ ತುಳಿದ.

ಕಳ್ಳನ ಹಣೆ ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿತು. ಅವನು ತಡಕಾಡಿ ಪಿಸ್ತೂಲು ಎತ್ತುವಷ್ಟರಲ್ಲಿ ಎಗ್ಡಾ ಹಿಂದಿನಿಂದ ಕೂದಲಿಗೆ ಕೈಹಾಕಿ ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ಗುಂಡು ನೇರಿಯೊನ ಕಿವಿಯ ಪಕ್ಕದಲ್ಲೇ ಹಾರಿ ಚಾವಣಿ ತೂತು ಮಾಡಿತು. ಬಲಗಿವಿಯಲ್ಲಿ ಲೋಕ ಸತ್ತುಹೋಯಿತು. ನೇರಿಯೊ ಕಳ್ಳನ ಮಣಿಕಟ್ಟನ್ನು ಸ್ಟಿಯರಿಂಗಿಗೆ ಬಡಿದ, ಮೂಳೆ ಮುರಿಯುವವರೆಗೆ ಬಡಿದ. ಪಿಸ್ತೂಲು ಬಿತ್ತು. ಅವನನ್ನು ರಸ್ತೆಗೆ ಎಳೆದುಹಾಕಿ ಮುಖಕ್ಕೆ ಗುದ್ದಿದ. ಭಯವೆಲ್ಲ ಮುಷ್ಟಿಗೆ ಇಳಿದಿತ್ತು. ಕೆಳಗಿದ್ದವನು ಕೈ ಎತ್ತುವುದನ್ನು ಬಿಟ್ಟ ಮೇಲೂ ಗುದ್ದುತ್ತಲೇ ಇದ್ದ.

"ಸಾಕು ಕಣೋ ನೇರಿಯೊ! ಸತ್ತೋಗ್ತಾನೆ!" ಎಗ್ಡಾ ಅವನ ಅಂಗಿ ಜಗ್ಗಿದಳು.

ಅವನು ನಿಲ್ಲಿಸಿದ. ಆದರೆ ಅಷ್ಟರಲ್ಲಿ ಜನ ಸೇರಿದ್ದರು. ಟೈರು ಅಂಗಡಿಯಿಂದ ಸಲಾಕೆ ಬಂತು, ನಿಂತ ಬಸ್ಸಿನಿಂದ ಗಂಡಸರು ಇಳಿದರು. "ಕಳ್ಳನಾ? ಬಿಡಬೇಡ್ರೋ!" ಒದೆಗಳು ಬೀಳತೊಡಗಿದವು. ಸಲಾಕೆ ಮುಖದ ಮೇಲೆ ಬಿತ್ತು. ಯಾರೋ "ಪೆಟ್ರೋಲ್ ತನ್ನಿ" ಅಂದರು. ಇನ್ಯಾರೋ ಆಗಲೇ ಡಬ್ಬ ಹಿಡಿದು ಓಡಿಬರುತ್ತಿದ್ದ.

"ಬಿಡ್ರೋ! ದೋಚಿದ್ದು ನನ್ನ, ನಿಮ್ಮನ್ನಲ್ಲ!" ನೇರಿಯೊ ಕೂಗಿದ. ಅವನ ದನಿ ಅವನಿಗೇ ಅರ್ಧ ಕೇಳಿಸಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವನು ಕೆಳಗೆ ಬಿದ್ದವನ ಮೇಲೆ ಕವುಚಿ ಮಲಗಿಬಿಟ್ಟ. ಬೆನ್ನಿಗೆ ಒದೆ ಬಿತ್ತು, ಪಕ್ಕೆಲುಬಿಗೆ ಸಲಾಕೆ ತಗುಲಿತು. ಪೆಟ್ರೋಲ್ ಅವನ ಕತ್ತಿನ ಮೇಲೆ ಚೆಲ್ಲಿತು.

"ಅಯ್ಯೋ ಮುಂಡೇಮಕ್ಳಾ, ಅವ್ನು ಡ್ರೈವರ್ರು!" ಎಗ್ಡಾ ಕಡ್ಡಿ ಗೀರಲು ಹೊರಟವನ ಕೈ ಕಚ್ಚಿ ಹಿಡಿದಳು.

ಜನ ತಬ್ಬಿಬ್ಬಾದ ಆ ಗಳಿಗೆಯಲ್ಲಿ ಇಬ್ಬರೂ ಕಳ್ಳನನ್ನು ಹಿಂದಿನ ಸೀಟಿಗೆ ಎಳೆದುಹಾಕಿದರು. ಆಸ್ಪತ್ರೆಯವರೆಗೂ ಎಗ್ಡಾ ತನ್ನ ಲಂಗದ ಅಂಚಿನಿಂದ ಅವನ ಕಣ್ಣನ್ನು ಒತ್ತಿ ಹಿಡಿದಿದ್ದಳು. ಸ್ಟೀರಿಯೊ ಅರಚುತ್ತಲೇ ಇತ್ತು. ಆರಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕಳ್ಳ ಬದುಕಿಕೊಂಡ. ಒಂದು ಕಣ್ಣು ಹೋಯಿತು. ನೇರಿಯೊನ ಬಲಗಿವಿಯೂ ಮತ್ತೆ ಕೇಳಲಿಲ್ಲ.

ಪಕ್ಕೆಲುಬು ಕೂಡಿಕೊಂಡು ಅವನು ಮತ್ತೆ ಕಾರು ತೆಗೆದ ವಾರ, ಸ್ಟ್ಯಾಂಡಿಗೆ ಬಡಕಲು ಹೆಂಗಸೊಬ್ಬಳು ಬಂದಳು. "ನೇರಿಯೊ ಯಾರು?" ಅಂದಳು. ಅವನು ಎದ್ದು ನಿಂತ. ಅವಳು ಅವನ ಕೆನ್ನೆಗೆ ಬಾರಿಸಿದಳು. ಉಳಿದ ಡ್ರೈವರುಗಳು ಮುಂದೆ ಬಂದರು. ಅವನು ಕೈಯೆತ್ತಿ ತಡೆದ.

"ನನ್ನ ಮಗನ್ನ ಹೊಡೆದಿದ್ದು ನೀನೇನಾ?"

"ಹೌದಮ್ಮ."

"ಅವನ ಮೇಲೆ ಮಲಗಿದ್ದು?"

"ಅದೂ ನಾನೇ."

ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ನೇರಿಯೊ ಅವಳ ಮಾತು ಕೇಳಿಸಲೆಂದು, ಅವಳು ತನ್ನ ಎಡಗಿವಿಯ ಕಡೆಗೆ ಬರುವ ಹಾಗೆ ಪಕ್ಕದಲ್ಲಿ ಬಂದು ಕೂತ.